ಚಳಿನಾಡಿನ ಪ್ರಾಣಿಗಳನ್ನು ಪುಟ್ಟ ಮಕ್ಕಳಿಂದ ಕಾಗದದಲ್ಲಿ ಮಾಡಿಸುವುದು ಹೇಗೆ?

ಪ್ರಶ್ನೆ: ಪೈವಳಿಕೆ ಕಡೆಯ ಪ್ರಿ-ಪ್ರೈಮರಿ ಶಿಕ್ಷಕಿ

ಮಂಜೇಶ್ವರ ತಾಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯ ಪ್ರಿ-ಪ್ರೈಮರಿ ವಿಭಾಗದಲ್ಲಿ 3ರಿಂದ 5 ವರ್ಷ ವಯಸ್ಸಿನ 22 ಮಕ್ಕಳಿಗೆ ನಾನು ಶಿಕ್ಷಕಿ. ಕ್ರಿಸ್ಮಸ್ ರಜೆಗೆ ಮುಂಚಿನ ವಾರ ದೊಡ್ಡ ತರಗತಿಗಳಿಗೆ ಪರೀಕ್ಷೆ ಇರುವುದರಿಂದ ನಮ್ಮ ಕೋಣೆಯ ಹಾಡು, ಕುಣಿತ, ಓಟ ಯಾವುದೂ ಹೊರಗೆ ಕೇಳಿಸಬಾರದೆಂಬ ಅಲಿಖಿತ ನಿಯಮವಿದೆ. ಆ ಐದು ದಿನಗಳಲ್ಲಿ ದಿನಕ್ಕೊಂದು ಗಂಟೆಯಂತೆ ಹಿಮಕರಡಿ, ಪೆಂಗ್ವಿನ್, ಹಿಮನರಿ ಮುಂತಾದ ಚಳಿಗಾಲದ ಪ್ರಾಣಿಗಳನ್ನು ಕಾಗದದಲ್ಲಿ ಮಾಡಿಸಬೇಕೆಂದು ಯೋಚಿಸಿದ್ದೇನೆ.

ಕಳೆದ ವರ್ಷವೂ ಇದನ್ನೇ ಮಾಡಲು ಹೋಗಿ ಸೋತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಕಂಡ ಒಂದು ವಿಡಿಯೋವನ್ನು ಅನುಸರಿಸಿ, ಎರಡು ರಾತ್ರಿ ನಿದ್ದೆಗೆಟ್ಟು 22 ಕರಡಿ ಮುಖಗಳನ್ನೂ 44 ಕಿವಿಗಳನ್ನೂ ನಾನೇ ಕತ್ತರಿಸಿಟ್ಟೆ. ಮಕ್ಕಳಿಗೆ ಉಳಿದದ್ದು ಪೆನ್ಸಿಲಿನಲ್ಲಿ ಗುರುತು ಮಾಡಿದ ಜಾಗಕ್ಕೆ ಕಿವಿ ಅಂಟಿಸುವ ಕೆಲಸ ಮಾತ್ರ. ಗೋಡೆಗೆ ತೂಗುಹಾಕಿದಾಗ ಎಲ್ಲರೂ ಚೆನ್ನಾಗಿದೆ ಎಂದರು. ಆದರೆ ಸಂಜೆ ಕರೆದೊಯ್ಯಲು ಬಂದ ತಾಯಿಯ ಕೈ ಹಿಡಿದು ನಿಂತ ಒಬ್ಬ ಹುಡುಗ ಆ ಗೋಡೆಯನ್ನು ಬಹಳ ಹೊತ್ತು ನೋಡಿ, "ಟೀಚರೇ, ಇದರಲ್ಲಿ ನನ್ನದು ಯಾವುದು?" ಎಂದು ಕೇಳಿದ. ನನಗೂ ಗೊತ್ತಿರಲಿಲ್ಲ.

ಸಾಮಗ್ರಿಯದು ಇನ್ನೊಂದು ತೊಡಕು. ವಿಡಿಯೋಗಳಲ್ಲಿ ಹತ್ತರಲ್ಲಿ ಎಂಟು ಪ್ರಾಣಿಗಳು ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಯಿಂದಲೇ ಹುಟ್ಟುತ್ತವೆ. ನಮ್ಮ ಊರಿನ ಯಾವ ಮನೆಯಲ್ಲಿ ಅಂಥ ಕೊಳವೆ 22 ಸಿಗುತ್ತದೆ? ಅಲುಗಾಡುವ ಪ್ಲಾಸ್ಟಿಕ್ ಕಣ್ಣು, ಮಿನುಗುವ ಪುಡಿ, ರೋಮ ಸುತ್ತಿದ ತಂತಿ ಇವನ್ನೆಲ್ಲ ಕೊಳ್ಳುವಷ್ಟು ಹಣವೂ ನಮ್ಮಲ್ಲಿಲ್ಲ.

ಕೊನೆಯದಾಗಿ ಒಂದು ಸಂಕೋಚ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಆಡುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅವರಿಗೆಲ್ಲ ಮಂಜು ಎಂದರೆ ಬೆಳಗ್ಗೆ ಅಡಿಕೆ ತೋಟದ ಮೇಲೆ ನಿಂತಿರುವ ಹೊಗೆಯಂಥದ್ದು, ಹಿಮ ಎಂದರೆ ಫ್ರಿಡ್ಜಿನ ಮೇಲಿನ ಅಂಕಣದಲ್ಲಿ ಕಟ್ಟುವಂಥದ್ದು. ಇಂಥ ಮಕ್ಕಳಿಂದ ಹಿಮಕರಡಿ ಮಾಡಿಸುವುದರಲ್ಲಿ ಅರ್ಥವಿದೆಯೇ? ಇದ್ದರೆ, ಅವರ ಕೈಯಿಂದಲೇ ಆಗುವಂಥ ಸುಲಭದ ವಿಧಾನಗಳನ್ನು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1: ಬದಿಯಡ್ಕ ಸಮೀಪದ ನಿವೃತ್ತ ಕ್ರಾಫ್ಟ್ ಶಿಕ್ಷಕ

ಉಪಜಿಲ್ಲಾ ವೃತ್ತಿಪರಿಚಯ ಮೇಳಗಳಿಗೆ ಎಷ್ಟೋ ವರ್ಷ ಮಕ್ಕಳನ್ನು ಕರೆದುಕೊಂಡು ಹೋದವನು ನಾನು. ಅಲ್ಲಿ ದೊಡ್ಡ ಮಕ್ಕಳ ಕೈಚಳಕವನ್ನು ನೋಡಿ ಬಂದು ಅದನ್ನೇ ಚಿಕ್ಕವರ ಮೇಲೆ ಹೇರುವ ತಪ್ಪನ್ನು ನಾನೂ ಮಾಡಿದ್ದೇನೆ. ನಿಮ್ಮ ಆ ಹುಡುಗನ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಯಾವ ಪ್ರಾಣಿ ಎಂಬುದನ್ನು ಆಮೇಲೆ ನಿರ್ಧರಿಸಿ, ಯಾವ ಕೈಕೆಲಸ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಮೂರು ವರ್ಷದ ಮಗು ಹರಿಯಬಲ್ಲದು, ಮುದ್ದೆ ಮಾಡಬಲ್ಲದು, ಬೆರಳಿನಿಂದ ಅಂಟು ಸವರಬಲ್ಲದು. ನಾಲ್ಕಾಗುವಾಗ ಮೊಂಡು ಕತ್ತರಿಯಲ್ಲಿ ನೇರವಾದ ಗೆರೆಯನ್ನು ಹೆಚ್ಚುಕಡಿಮೆ ಕತ್ತರಿಸೀತು. ದುಂಡಗೆ ಕತ್ತರಿಸುವುದಕ್ಕೂ ಮೂಲೆಗೆ ಮೂಲೆ ಕೂಡಿಸಿ ಮಡಚುವುದಕ್ಕೂ ಐದು ವರ್ಷವಾದರೂ ಆಗಬೇಕು. ವಿಡಿಯೋಗಳಲ್ಲಿ ಕಾಣುವ ಕರಡಿ ಮುಖವೆಲ್ಲ ದುಂಡಗೆ ಕತ್ತರಿಸುವ ಕೆಲಸ; ಆದ್ದರಿಂದಲೇ ಅದು ನಿಮ್ಮ ತಲೆಗೆ ಬಂತು.

ಕಾಗದಕ್ಕೆ ಡಿಸೆಂಬರಿನಷ್ಟು ಒಳ್ಳೆಯ ತಿಂಗಳು ಇನ್ನೊಂದಿಲ್ಲ. ಎಲ್ಲರ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ 11 ತಿಂಗಳ ಹಾಳೆಗಳು ಮುಗಿದಿರುತ್ತವೆ, ಹಿಂಬದಿ ಅಚ್ಚಿಲ್ಲದಿದ್ದರೆ ಬೆಳ್ಳಗಿರುತ್ತದೆ, ದಪ್ಪವೂ ಇರುತ್ತದೆ. ದೀಪಾವಳಿಯ ಗೂಡುದೀಪಕ್ಕೆ ತಂದು ಉಳಿದ ತೆಳು ಬಣ್ಣದ ಕಾಗದ ಯಾರ ಅಟ್ಟದಲ್ಲಾದರೂ ಸಿಕ್ಕೇ ಸಿಗುತ್ತದೆ. ಅದರ ಜೊತೆಗೆ ದಿನಪತ್ರಿಕೆ, ಪುಸ್ತಕಕ್ಕೆ ಹೊದಿಸುವ ಕಂದು ಕಾಗದ. ಹಣ ಕೊಟ್ಟು ತರಬೇಕಾದದ್ದು ಕಪ್ಪು ಚಾರ್ಟ್ ಪೇಪರ್ ಮಾತ್ರ. ಕಪ್ಪು ಕ್ರೇಯಾನಿನಿಂದ ಇಡೀ ಪೆಂಗ್ವಿನನ್ನು ತುಂಬಿಸಹೊರಟರೆ ಪುಟ್ಟ ಬೆರಳುಗಳು ಅರ್ಧದಲ್ಲೇ ದಣಿದು ಕೆಲಸದ ಮೇಲೆಯೇ ಬೇಸರ ಹುಟ್ಟುತ್ತದೆ.

ಮೊದಲ ದಿನ ಹಿಮಕರಡಿಯನ್ನೇ ಮಾಡಿಸಿ, ಆದರೆ ಕತ್ತರಿಯನ್ನು ಬೀಗ ಹಾಕಿ ಇಟ್ಟು. ಕ್ಯಾಲೆಂಡರ್ ಹಾಳೆ ಈ ಕೆಲಸಕ್ಕೆ ಬೇಡ, ಅದನ್ನು ಹರಿಯುವಷ್ಟು ಬಲ ಮೂರು ವರ್ಷದ ಬೆರಳಿಗೆ ಇಲ್ಲ. ಹಳೆಯ ನೋಟ್‌ಬುಕ್ಕಿನ ಬರೆಯದ ಪುಟಗಳಾದರೆ ಸಾಕು. ಕಾಗದ ತಯಾರಾಗುವಾಗ ಅದರ ನಾರುಗಳು ಯಂತ್ರದಲ್ಲಿ ಓಡುವ ದಿಕ್ಕಿಗೇ ಹೆಚ್ಚಾಗಿ ಮಲಗುವುದರಿಂದ ಒಂದು ದಿಕ್ಕಿಗೆ ಹರಿದರೆ ನೇರವಾಗಿ ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಅಂಕುಡೊಂಕಾಗುತ್ತದೆ. ಆ ಅಂಕುಡೊಂಕಿನ ಅಂಚೇ ಕರಡಿಯ ತುಪ್ಪಳವಾಗಿ ಕಾಣುತ್ತದೆ. ಎರಡೂ ಕಡೆಯಿಂದ ಹರಿದು ನೋಡಲು ಮಕ್ಕಳಿಗೇ ಬಿಡಿ, ಹತ್ತು ನಿಮಿಷ ಅದರಲ್ಲೇ ಹೋದರೂ ಪರವಾಗಿಲ್ಲ. ಬಳಿಕ ಅಂಗೈಗಿಂತ ದೊಡ್ಡದೊಂದು ತುಂಡು ಒಡಲಾಗುತ್ತದೆ, ಮುಷ್ಟಿಯಷ್ಟರದು ತಲೆ, ಉದ್ದುದ್ದದ ನಾಲ್ಕು ತುಂಡುಗಳು ಕಾಲು. ಕಿವಿ ಮಾತ್ರ ಬಹಳ ಸಣ್ಣದಿರಲಿ, ಏಕೆಂದರೆ ಚಳಿಯಲ್ಲಿ ದೊಡ್ಡ ಕಿವಿಯಿಂದ ಮೈಯ ಬಿಸಿ ಸೋರಿಹೋಗುತ್ತದೆ. ಹಿಮಕರಡಿಯ ಕಿವಿ ಚಿಕ್ಕದಾಗಿರುವುದು ಆ ಕಾರಣಕ್ಕೇ. ಅಂಟಿಸುವ ಮೊದಲು ತಳದ ಹಾಳೆ ನೀಲಿಯಾಗಿರಬೇಕು, ಇಲ್ಲದಿದ್ದರೆ ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಹಿಂದಿನ ದಿನ ನೀವೇ ಬಟ್ಟೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ತೆಳುಮಾಡಿ ಕ್ಯಾಲೆಂಡರಿನ ಹಿಂಬದಿಗೆ ಬಳಿದು ಒಣಗಿಸಿಟ್ಟರೆ ಚಾರ್ಟ್ ಪೇಪರಿನ ಖರ್ಚು ಉಳಿಯುತ್ತದೆ. ಆ ನೀಲಿ ಮಕ್ಕಳ ಕೈಗೆ ಸಿಗಬಾರದು, ಅಂಗಿಯ ಕಲೆ ಜನ್ಮಕ್ಕೆ ಹೋಗುವುದಿಲ್ಲ.

ಎಲ್ಲಿಯೂ ಕರಡಿಯ ಚಿತ್ರವನ್ನು ಗೆರೆ ಎಳೆದು ಕೊಡಬೇಡಿ. ಗೆರೆ ಕೊಟ್ಟರೆ 22 ಕರಡಿಗಳೂ ಒಂದೇ ತಾಯಿಯ ಮಕ್ಕಳಾಗುತ್ತವೆ. ಕೊಡದಿದ್ದರೆ ಒಂದಕ್ಕೆ ಐದು ಕಾಲಿರಬಹುದು, ಇನ್ನೊಂದು ಹಂದಿಯಂತೆ ಕಾಣಬಹುದು, ಆದರೆ ಯಾರದು ಯಾವುದೆಂದು ಯಾರೂ ಕೇಳಬೇಕಾಗುವುದಿಲ್ಲ.

ಎರಡನೆಯ ದಿನಕ್ಕೆ ನಿಂತುಕೊಳ್ಳುವ ಪೆಂಗ್ವಿನ್. ರಟ್ಟಿನ ಕೊಳವೆ ಇಲ್ಲವೆಂದು ಕೊರಗಬೇಕಾದ್ದಿಲ್ಲ. ಸುಮಾರು 12 ಸೆಂಟಿಮೀಟರ್ ಎತ್ತರ, 18 ಸೆಂಟಿಮೀಟರ್ ಅಗಲದ ಕ್ಯಾಲೆಂಡರ್ ಕಾಗದವನ್ನು ಬಿಳಿ ಹೊರಗೆ ಬರುವಂತೆ ಸುತ್ತಿ, ಅಂಚಿಗೆ ಅಂಟು ಸವರಿ ಹತ್ತು ಎಣಿಸುವ ತನಕ ಒತ್ತಿ ಹಿಡಿದರೆ ಕೊಳವೆ ಸಿದ್ಧ. ಒತ್ತಿ ಹಿಡಿದು ಎಣಿಸುವುದು ಮಕ್ಕಳಿಗೆ ಬಹಳ ಇಷ್ಟದ ಕೆಲಸ, ಗಣಿತದ ಪಾಠವೂ ಅಲ್ಲೇ ಮುಗಿಯುತ್ತದೆ. ಕಪ್ಪು ಚಾರ್ಟ್ ಪೇಪರಿನ ಪಟ್ಟಿಯನ್ನು ಶಾಲು ಹೊದಿಸಿದ ಹಾಗೆ ಹಿಂಬದಿಯಿಂದ ಸುತ್ತಿ, ಮುಂದುಗಡೆ ಬಿಳಿ ಹೊಟ್ಟೆ ಕಾಣುವಂತೆ ಬಿಡಬೇಕು. ಕೊಕ್ಕಿಗೆ ಕಿತ್ತಳೆ ಬಣ್ಣದ ಗೂಡುದೀಪದ ಕಾಗದವನ್ನು ಎರಡು ಪದರ ಮಾಡಿ ತ್ರಿಕೋನವಾಗಿ ಹರಿದು ಅಂಟಿಸಿದರಾಯಿತು. ಪಾದಕ್ಕೂ ಅದೇ, ಆದರೆ ಪಾದದ ತುಂಡು ಸ್ವಲ್ಪ ಮುಂದಕ್ಕೆ ಚಾಚಿರಲಿ. ಅದರ ಉಪಯೋಗವನ್ನು ಬೇರೆ ಯಾರಾದರೂ ಹೇಳಿಯಾರು. ಕಣ್ಣಿಗೆ ಹಣೆಗೆ ಅಂಟಿಸುವ ಸ್ಟಿಕ್ಕರ್ ಬಿಂದಿಗಿಂತ ಒಳ್ಳೆಯದು ನನಗೆ ಇಂದಿಗೂ ಸಿಕ್ಕಿಲ್ಲ. ಅಲುಗಾಡುವ ಪ್ಲಾಸ್ಟಿಕ್ ಕಣ್ಣು, ಮಣಿ, ಕಾಳುಮೆಣಸು ಯಾವುದನ್ನೂ ಈ ವಯಸ್ಸಿನವರ ಮುಂದೆ ಇಡಬಾರದು, ಅವು ನೇರವಾಗಿ ಮೂಗಿಗೋ ಬಾಯಿಗೋ ಹೋಗುತ್ತವೆ.

ಅಂಟಿನ ವಿಚಾರ. ಒಂದು ಪಾಲು ಮೈದಾ, ನಾಲ್ಕು ಪಾಲು ನೀರು, ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿದರೆ ಬಿಳಿ ಬಣ್ಣ ಕಳೆದು ಗಾಜಿನಂತಾಗುವಾಗ ಇಳಿಸುವುದು. ಆರಿದ ಮೇಲೆ ನಾಲ್ವರಿಗೆ ಒಂದರಂತೆ ತೆಂಗಿನ ಗೆರಟೆಯಲ್ಲಿ ಹಾಕಿ ನಡುವೆ ಇಡಿ. ಬ್ರಷ್ ಬೇಡ, ಬೆರಳೇ ಸಾಕು. ನಮ್ಮ ಸೆಕೆಗೆ ಅದು ಎರಡನೆಯ ದಿನಕ್ಕೆ ಹುಳಿವಾಸನೆ ಹಿಡಿಯುತ್ತದೆ, ಆದ್ದರಿಂದ ಅಂದಂದಿಗೆ ಬೇಕಾದಷ್ಟೇ ಕಾಯಿಸಿ. ಹಸಿ ಅಂಟಿಗೆ ತೆಳು ಕಾಗದ ಸೊಟ್ಟಗಾಗುವುದು ಸಹಜ. ಕರಡಿ ಅಂಟಿಸಿದ ಹಾಳೆಗಳನ್ನು ಮುಕ್ಕಾಲು ಒಣಗಿದ ಮೇಲೆ ಹಾಜರಿ ಪುಸ್ತಕಗಳ ಅಡಿಯಲ್ಲಿ ಒಂದು ರಾತ್ರಿ ಒತ್ತಿಟ್ಟರೆ ನೇರವಾಗುತ್ತವೆ.

ಉತ್ತರ 2: ನೀರ್ಚಾಲಿನ ತಾಯಿ, ಪ್ರಾಣಿಶಾಸ್ತ್ರ ಓದಿದವಳು

ಮೇಷ್ಟ್ರು ಹೇಳಿದ ಕ್ರಮ ನನಗೆ ತುಂಬ ಹಿಡಿಸಿತು. ಆದರೆ ಒಂದೇ ಗೋಡೆಯ ಮೇಲೆ ಹಿಮಕರಡಿಯನ್ನೂ ಪೆಂಗ್ವಿನನ್ನೂ ಅಕ್ಕಪಕ್ಕ ನಿಲ್ಲಿಸಬೇಡಿರೆಂದು ಕೇಳಿಕೊಳ್ಳುತ್ತೇನೆ. ಕರಡಿ ಇರುವುದು ಉತ್ತರದ ಆರ್ಕ್ಟಿಕ್ ಪ್ರದೇಶದಲ್ಲಿ, ಅಂಟಾರ್ಕ್ಟಿಕದ ಪೆಂಗ್ವಿನ್ ಇರುವುದು ಭೂಮಿಯ ಇನ್ನೊಂದು ತುದಿಯಲ್ಲಿ. ಉತ್ತರದಲ್ಲಿರುವುದು ಸುತ್ತಲೂ ನೆಲವಿದ್ದು ನಡುವೆ ಹೆಪ್ಪುಗಟ್ಟಿದ ಸಮುದ್ರ. ದಕ್ಷಿಣದಲ್ಲಿರುವುದು ಸುತ್ತಲೂ ಸಮುದ್ರವಿದ್ದು ನಡುವೆ ಮಂಜುಗಡ್ಡೆ ಹೊದ್ದ ನೆಲ. ಮಕ್ಕಳಿಗೆ ಈ ವಿವರಣೆ ಬೇಕಾಗಿಲ್ಲ. ಕಿಟಕಿಯ ಕಡೆಯ ಗೋಡೆ ಕರಡಿಯದು, ಬಾಗಿಲಿನ ಕಡೆಯ ಗೋಡೆ ಪೆಂಗ್ವಿನಿನದು, ಇಬ್ಬರೂ ಎಂದೂ ಭೇಟಿಯಾದವರಲ್ಲ ಎಂದು ಒಂದು ಮಾತು ಹೇಳಿದರೆ ಅವರು ಮರೆಯುವುದಿಲ್ಲ. ಮನೆಗೆ ಹೋಗಿ ದೊಡ್ಡವರನ್ನು ತಿದ್ದುತ್ತಾರೆ.

ಕೊಳವೆಯ ಪೆಂಗ್ವಿನಿನ ಪಾದ ಮುಂದಕ್ಕೆ ಚಾಚಿರಲಿ ಎಂದು ಅವರು ಹೇಳಿದ್ದರ ಉಪಯೋಗ ನನಗೆ ಹೊಳೆದದ್ದು ಇದು. ಎಂಪರರ್ ಪೆಂಗ್ವಿನ್ ಗೂಡು ಕಟ್ಟುವುದಿಲ್ಲ. ಹೆಣ್ಣು ಒಂದೇ ಮೊಟ್ಟೆಯಿಟ್ಟು ಗಂಡಿಗೆ ಒಪ್ಪಿಸಿ ಮೀನು ಹುಡುಕಿಕೊಂಡು ಸಮುದ್ರಕ್ಕೆ ಹೋಗುತ್ತದೆ. ಗಂಡು ಅದನ್ನು ಪಾದದ ಮೇಲಿಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆಯಿಂದ ಮುಚ್ಚಿ, ಎರಡು ತಿಂಗಳಿಗೂ ಮೀರಿ ಏನನ್ನೂ ತಿನ್ನದೆ ನಿಂತಿರುತ್ತದೆ. ಮೂರು ವರ್ಷದವರಿಗೆ ಕಾಗದವನ್ನು ಮುದ್ದೆ ಮಾಡಿ ಮೊಟ್ಟೆ ಉರುಟುವ ಕೆಲಸ ಕೊಡಿ, ಅದು ಆ ಪಾದದ ಮೇಲೆ ಕೂರುತ್ತದೆ. ಚಳಿಗಾಳಿ ಬೀಸುವಾಗ ಅಪ್ಪಂದಿರೆಲ್ಲ ಮೈಗೆ ಮೈ ತಾಗಿಸಿ ಗುಂಪಾಗಿ ನಿಂತು, ಹೊರಗಿದ್ದವರು ಒಳಕ್ಕೂ ಒಳಗಿದ್ದವರು ಹೊರಕ್ಕೂ ಸರಿಯುತ್ತಿರುತ್ತಾರೆ. ನಿಮ್ಮ 22 ಕೊಳವೆಗಳನ್ನು ಮೇಜಿನ ನಡುವೆ ಒತ್ತೊತ್ತಾಗಿ ನಿಲ್ಲಿಸಿ, ಒಬ್ಬೊಬ್ಬರೂ ಸರದಿಯಲ್ಲಿ ತಮ್ಮ ಪೆಂಗ್ವಿನನ್ನು ಮೊಟ್ಟೆ ಬೀಳದಂತೆ ಹೊರಗಿನಿಂದ ಒಳಕ್ಕೆ ಸರಿಸಲಿ. ಸದ್ದು ಮಾಡದೆ ಆಡಬಹುದಾದ ಆಟ, ಪಕ್ಕದ ಕೋಣೆಯ ಪರೀಕ್ಷೆಗೆ ತೊಂದರೆಯಿಲ್ಲ. ಒಂದು ಮಾತು ನೆನಪಿರಲಿ: ದಕ್ಷಿಣಾರ್ಧದಲ್ಲಿ ಚಳಿಗಾಲ ಬರುವುದು ಜೂನ್, ಜುಲೈಯಲ್ಲಿ, ಅಂದರೆ ನಮ್ಮಲ್ಲಿ ಮಕ್ಕಳು ಕೊಡೆ ಹಿಡಿದು ಶಾಲೆಗೆ ಬರುವ ಕಾಲದಲ್ಲಿ. ನಾವು ಡಿಸೆಂಬರಿನಲ್ಲಿ ಪೆಂಗ್ವಿನ್ ಮಾಡುವಾಗ ಅಲ್ಲಿ ಬೇಸಿಗೆ.

ಹಿಮನರಿಗೆ ಕಂದು ಕಾಗದವನ್ನು ಬಳಸುವ ಒಂದು ಉಪಾಯ ನನ್ನ ಮಗಳ ಜೊತೆ ಕುಳಿತಾಗ ಸಿಕ್ಕಿತು. ಕಂದು ಕಾಗದದ ಹಿಂದೆ ಅಷ್ಟೇ ಅಳತೆಯ ಬಿಳಿ ಕಾಗದವನ್ನು ಅಂಟಿಸಿ ಒಣಗಿಸಿ, ಅಂಗೈಯಗಲದ ಚೌಕಗಳನ್ನು ಮಾಡಿಟ್ಟುಕೊಳ್ಳಿ. ಬಿಳಿ ಹೊರಗಿರುವಂತೆ ಕರ್ಣಕ್ಕೆ ಮಡಚಿದರೆ ತ್ರಿಕೋನ. ಅದರ ಉದ್ದದ ಬದಿ ಮೇಲಿರಬೇಕು, ಮೊನೆ ಕೆಳಗೆ. ಎಡ ಬಲದ ಎರಡು ಮೂಲೆಗಳನ್ನು ಸ್ವಲ್ಪ ಒಳಗಿನಿಂದ ಓರೆಯಾಗಿ ಮೇಲಕ್ಕೆ ಮಡಚಿ ತಿರುಗಿಸಿದರೆ ಚೂಪು ಗಲ್ಲದ, ಎರಡು ಕಿವಿಯ ನರಿಯ ಮುಖ ಕಾಣುತ್ತದೆ. ಕಣ್ಣು ಮೂಗು ಇಟ್ಟರೆ ಚಳಿಗಾಲದ ಹಿಮನರಿ. ಇನ್ನೊಂದು ಚೌಕವನ್ನು ಕಂದು ಹೊರಗಿರುವಂತೆ ಮಡಚಿದರೆ ಅದೇ ನರಿ ಬೇಸಿಗೆಯಲ್ಲಿ. ಈ ಪ್ರಾಣಿ ನಿಜಕ್ಕೂ ಹಾಗೆ ಋತುವಿಗೆ ತಕ್ಕಂತೆ ತುಪ್ಪಳ ಬದಲಿಸುತ್ತದೆ. ಇದು ಐದು ವರ್ಷದವರ ಕೆಲಸ. ಚಿಕ್ಕವರಿಗೆ ಮೊದಲ ಮಡಿಕೆಯನ್ನು ನೀವು ಹಾಕಿಕೊಡಬೇಕಾದೀತು.

ವಿಡಿಯೋಗಳಲ್ಲಿ ಕೊಳವೆಯ ಮೇಲಂಚನ್ನು ಹಿಂದಿನಿಂದಲೂ ಮುಂದಿನಿಂದಲೂ ಒಳಕ್ಕೆ ಒತ್ತಿ ಎರಡು ಕೋಡು ಎಬ್ಬಿಸಿ ಅದನ್ನು ಹಿಮಗೂಬೆ ಎನ್ನುತ್ತಾರೆ. ಹಿಮಗೂಬೆಯ ತಲೆ ಗುಂಡಗೆ ಕಾಣುತ್ತದೆ, ಅದರ ಕಿವಿಗರಿಗಳು ಎಷ್ಟು ಚಿಕ್ಕವೆಂದರೆ ಸಾಮಾನ್ಯವಾಗಿ ಕಣ್ಣಿಗೇ ಬೀಳುವುದಿಲ್ಲ. ಆ ಮಡಿಕೆ ನರಿಗೆ ಒಪ್ಪುತ್ತದೆ, ಗೂಬೆಗೆ ಒಪ್ಪುವುದಿಲ್ಲ.

ಹಿಮ ಕಾಣದ ಮಕ್ಕಳಿಗೆ ಇದೆಲ್ಲ ದೂರದ್ದಾಯಿತೆಂದು ನಿಮಗೆ ಅನಿಸಿದರೆ ನಮ್ಮ ದೇಶದ್ದೇ ಒಂದು ಪ್ರಾಣಿ ಇದೆ, ಹಿಮಚಿರತೆ. 2024ರ ಜನವರಿಯಲ್ಲಿ ಪ್ರಕಟವಾದ ಗಣತಿಯಂತೆ ಭಾರತದಲ್ಲಿ ಅಂದಾಜು 718 ಹಿಮಚಿರತೆಗಳಿವೆ, ಅವುಗಳಲ್ಲಿ 477 ಲಡಾಖಿನಲ್ಲೇ. ಮಾಡುವುದು ಬಹಳ ಸುಲಭ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ, ಬೂದು ಬಣ್ಣದಲ್ಲಿ ಅದ್ದಿ, ಬಿಳಿ ಕಾಗದಕ್ಕೆ ಒತ್ತಿದರೆ ನಡುವೆ ಬಯಲಿರುವ ಹೂವಿನಂಥ ಗುರುತು ಮೂಡುತ್ತದೆ. ಹಿಮಚಿರತೆಯ ಮೈಮೇಲಿನ ಮಚ್ಚೆಗಳು ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಮಕ್ಕಳು ಇಡೀ ಹಾಳೆಗೆ ಒತ್ತಿ ತುಂಬಿಸಲಿ, ಒಣಗಿದ ಮೇಲೆ ಅದನ್ನೇ ಒಡಲು, ತಲೆ, ಕಾಲುಗಳಾಗಿ ಹರಿಯಲಿ. ಬಾಲಕ್ಕೆ ಮಾತ್ರ ಉದ್ದನೆಯ ಪಟ್ಟಿ ಬೇಕು, ಪೆನ್ಸಿಲಿಗೆ ಸುತ್ತಿ ಬಿಟ್ಟರೆ ಸುರುಳಿಯಾಗುತ್ತದೆ. ಸುಮಾರು ಒಂದು ಮೀಟರ್ ಉದ್ದದ ಆ ದಪ್ಪ ಬಾಲವನ್ನು ಹಿಮಚಿರತೆ ಮಲಗುವಾಗ ಕಂಬಳಿಯಂತೆ ಮುಖದ ಸುತ್ತ ಹೊದ್ದುಕೊಳ್ಳುತ್ತದೆ ಎಂದರೆ ನಿಮ್ಮ ಮಕ್ಕಳು ತಾವೂ ಹಾಗೆ ಮಲಗಿ ತೋರಿಸಿಯಾರು.

ಉತ್ತರ 3: ಕುಂಬಳೆಯ ಹಕ್ಕಿಪ್ರಿಯ

ಮೇಲಿನ ಇಬ್ಬರ ಮಾತಿಗೂ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯವನ್ನು ಮಂಡಿಸುತ್ತೇನೆ. ಚಳಿಗಾಲದ ಪ್ರಾಣಿ ಎಂದ ಕೂಡಲೇ ನಾವೇಕೆ ಧ್ರುವಗಳಿಗೆ ಓಡಬೇಕು? ಮಳೆ ಮುಗಿಯುತ್ತಿದ್ದಂತೆ ನಮ್ಮ ತೋಡಿನ ಬದಿಗೆ, ಅಂಗಳದ ಅಂಚಿಗೆ ಬಾಲ ಕುಣಿಸುತ್ತ ಬಂದಿಳಿಯುವ ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಚಳಿ ತಪ್ಪಿಸಿಕೊಂಡು ಬಂದ ಅತಿಥಿ. ಬೇಸಿಗೆ ಬಲಿಯುವ ಹೊತ್ತಿಗೆ ಹಿಂದಿರುಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲವೂ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ನಿಮ್ಮ ಮಕ್ಕಳು ಕಣ್ಣಾರೆ ಕಾಣಬಲ್ಲ ಸಿಪಿಲೆಯನ್ನು ಬಿಟ್ಟು ಕಾಣಲಾಗದ ಕರಡಿಯನ್ನು ಮಾಡಿಸುವುದು ನನಗೆ ಸರಿಯೆನಿಸುವುದಿಲ್ಲ.

ಹೆಬ್ಬಾತು ಸುಲಭ. ಕ್ಯಾಲೆಂಡರ್ ಕಾಗದವನ್ನು ಎರಡಾಗಿ ಮಡಚಿ ಹಕ್ಕಿಯ ಒಡಲನ್ನು ಕತ್ತರಿಸಿ, ನಡುವೆ ಸೀಳು ಬಿಟ್ಟು, ಬೀಸಣಿಗೆಯಂತೆ ಹಿಂದುಮುಂದಾಗಿ ಮಡಚಿದ ಇನ್ನೊಂದು ಕಾಗದವನ್ನು ಆ ಸೀಳಿನಲ್ಲಿ ತೂರಿಸಿದರೆ ರೆಕ್ಕೆ ಎರಡು ಬದಿಗೂ ಬಿಚ್ಚಿಕೊಳ್ಳುತ್ತದೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳನ್ನು ಮಕ್ಕಳೇ ಅಂಟಿಸಲಿ. ನೂಲು ಕಟ್ಟಿ ಕಿಟಕಿಗೆ ತೂಗಿದರೆ ಗಾಳಿಗೆ ಸುತ್ತುತ್ತಿರುತ್ತದೆ. ಸಿಪಿಲೆಗೆ ಬಾಲವನ್ನು ಬೇರೆಯೇ ತುಂಡಾಗಿ ಮಾಡಿ, ಒಡಲಿಗೂ ಬಾಲಕ್ಕೂ ಒಂದೇ ತೂತು ಕೊಟ್ಟು, ದಪ್ಪ ನೂಲನ್ನು ಪೋಣಿಸಿ ಎರಡೂ ಕಡೆ ಗಂಟು ಹಾಕಬೇಕು. ಬಾಲದ ಹಿಂದೆ ಹಿಡಿಸೂಡಿಯ ಕಡ್ಡಿಯನ್ನು ಅಂಟಿಸಿ ಅಲ್ಲಾಡಿಸಿದರೆ ಅದು ಥೇಟು ಸಿಪಿಲೆಯಂತೆಯೇ ಬಾಲ ಬಡಿಯುತ್ತದೆ.

ಉತ್ತರ 1ರವರಿಂದ ಮತ್ತೆ

ಹಕ್ಕಿಯ ಮೇಲಿನ ಪ್ರೀತಿ ನನಗೂ ಇದೆ. ಆದರೆ ಸೀಳು ಬಿಡುವುದು, ತೂತು ಕೊಡುವುದು, ಗಂಟು ಹಾಕುವುದು ಇವು ಮೂರೂ ಟೀಚರ ಕೆಲಸಗಳೇ. 22 ಸಿಪಿಲೆಗಳಿಗೆ 44 ಗಂಟು ಹಾಕುವುದೆಂದರೆ ಕಳೆದ ವರ್ಷದ 44 ಕಿವಿಗಳ ಕಥೆಯೇ ಮರುಕಳಿಸಿತು. ಇಡೀ ತರಗತಿಗೆ ಒಂದೇ ದೊಡ್ಡ ಸಿಪಿಲೆಯನ್ನು ಮಾಡಿ, ಬಾಲ ಅಲ್ಲಾಡಿಸುವ ಸರದಿಯನ್ನು ಎಲ್ಲರಿಗೂ ಕೊಟ್ಟರೆ ನನ್ನ ಆಕ್ಷೇಪವಿಲ್ಲ. ಹೆಬ್ಬಾತಿನ ಬೀಸಣಿಗೆ ಮಡಿಕೆಯನ್ನು ಐದು ವರ್ಷದವರು ಹಾಕಿಯಾರು, ಆದರೆ ಕ್ಯಾಲೆಂಡರ್ ಕಾಗದದಲ್ಲಿ ಅಲ್ಲ, ದಿನಪತ್ರಿಕೆಯಲ್ಲಿ. ಇನ್ನು ಕಾಣದ್ದನ್ನು ಮಾಡಬಾರದೆಂಬ ವಾದವನ್ನು ನಾನು ಒಪ್ಪಲಾರೆ. ನಮ್ಮ ಯಾವ ಮಗುವೂ ಐರಾವತವನ್ನು ಕಂಡಿಲ್ಲ, ಆದರೂ ಬಿಡಿಸುತ್ತದೆ.

ಉತ್ತರ 4: ಪೆರ್ಲದ ಅಜ್ಜಿ, ಮೊಮ್ಮಗನ ಫೋನಿನಿಂದ

ಎರಡು ಮಾತು. ಮೈದಾ ಅಂಟಿಗೆ ಹುಳು ಹಿಡಿಯದಿರಲೆಂದು ಹಿಂದಿನವರು ಮೈಲುತುತ್ತು ಬೆರೆಸುತ್ತಿದ್ದರು. ಅಡಿಕೆಗೆ ಸಿಂಪಡಿಸುವ ಮದ್ದಿಗೆಂದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ಇದ್ದೇ ಇರುತ್ತದೆ, ಯಾರಾದರೂ ಪೋಷಕರು ಒಳ್ಳೆಯದಾಗಲೆಂದೇ ತಂದುಕೊಟ್ಟಾರು. ಅದು ವಿಷ. ಬೆರಳಲ್ಲಿ ಅಂಟು ಸವರಿ ಅದೇ ಬೆರಳನ್ನು ಬಾಯಿಗಿಡುವ ಮಕ್ಕಳ ಬಳಿಗೆ ಅದನ್ನು ಸುಳಿಯಗೊಡಬಾರದು.

ಇನ್ನೊಂದು, ಕಾಗದದ ಗೂಬೆಯನ್ನು ಮನೆಗೆ ಕಳುಹಿಸುವುದಾದರೆ ಮೊದಲೇ ಒಂದು ಮಾತು ಹೇಳಿ ಕಳುಹಿಸಿ. ನನ್ನ ಮೊಮ್ಮಗ ತಂದ ಗೂಬೆಯನ್ನು ದೇವರ ಕೋಣೆಯ ಬಾಗಿಲಿಗೆ ಅಂಟಿಸಿದ್ದ. ನನಗೇನೂ ಅನಿಸಲಿಲ್ಲ, ಆದರೆ ನೆಂಟರೊಬ್ಬರು ಬಂದು ನೋಡಿ ಅಶುಭವೆಂದು ಕಿತ್ತುಹಾಕಿದರು, ಮಗು ಎರಡು ದಿನ ಅತ್ತಿತು. ನಮ್ಮ ಜನ ಒಬ್ಬರ ಮೇಲೊಬ್ಬರು ಗೂಬೆ ಕೂರಿಸುತ್ತಾರೆಯೇ ಹೊರತು ಮನೆಯೊಳಗೆ ಕೂರಿಸುವುದಿಲ್ಲ.

ಪ್ರಶ್ನೆ ಕೇಳಿದವರಿಂದ, ರಜೆ ಮುಗಿದ ಮೇಲೆ

ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ನಡೆದ ಹಾಗೆಯೇ ತಿಳಿಸುತ್ತೇನೆ.

ಕ್ಯಾಲೆಂಡರಿನ ಹಳೆಯ ಹಾಳೆ ಕಳುಹಿಸಿ ಎಂದು ಮಕ್ಕಳ ಬಳಿ ಹೇಳಿ ಕಳುಹಿಸಿದ್ದೆ. ಮರುದಿನ ಒಬ್ಬಳು ಹುಡುಗಿ ಅಜ್ಜ ಚೆನ್ನಾಗಿ ತೊಳೆದು ಒಣಗಿಸಿ ಕೊಟ್ಟ ಎರಡು ಅಡಿಕೆ ಹಾಳೆಗಳನ್ನು ತಲೆಯ ಮೇಲೆ ಹೊತ್ತು ತಂದಳು. ಮನೆಗೆ ಮುಟ್ಟುವಷ್ಟರಲ್ಲಿ ಕ್ಯಾಲೆಂಡರ್ ಎಂಬ ಮಾತು ಉದುರಿಹೋಗಿತ್ತು. ಹಿಂದಕ್ಕೆ ಕಳುಹಿಸಲು ಮನಸ್ಸು ಬರಲಿಲ್ಲ. ಒಳಬದಿ ಮೇಲಾಗುವಂತೆ ಮೇಜಿನ ಮೇಲೆ ಹಾಸಿದಾಗ ಅದರ ನಸುಬಿಳುಪು, ಬಾಗಿದ ಅಂಚು ಎಲ್ಲವೂ ಸೇರಿ ಮಂಜುಗಡ್ಡೆಯ ನೆಲದಂತೆಯೇ ಕಂಡಿತು. ಪೆಂಗ್ವಿನುಗಳೆಲ್ಲ ಅದರ ಮೇಲೆಯೇ ನಿಂತವು.

ಕರಡಿ ಹರಿಯುವ ದಿನ ಬೆಳಗ್ಗೆ ಮನೆಯ ಫ್ರಿಡ್ಜಿನಿಂದ ಕೆರೆದ ಹಿಮವನ್ನು ಚಹಾದ ಫ್ಲಾಸ್ಕಿನಲ್ಲಿ ಒಯ್ದಿದ್ದೆ. ಸ್ಟೀಲಿನ ತಟ್ಟೆಗೆ ಸುರಿದಾಗ ಎಲ್ಲರೂ ಮುಟ್ಟಿ ನೋಡಿದರು, ನಾಲ್ಕೈದು ನಿಮಿಷಗಳಲ್ಲಿ ಅದು ನೀರಾಯಿತು. "ಕರಡಿ ಎಲ್ಲಿ ನಿಲ್ಲುತ್ತದೆ ಈಗ?" ಎಂದು ಒಬ್ಬಳು ಕೇಳಿದ್ದಕ್ಕೆ ನೀಲಿ ಹಾಳೆಯನ್ನು ತೋರಿಸಿದೆ. ಹರಿಯುವುದರಲ್ಲಿ ಎಲ್ಲರಿಗಿಂತ ಚಿಕ್ಕವನೇ ಎಲ್ಲರಿಗಿಂತ ಮುಂದಿದ್ದ. ಅವನ ಕರಡಿಗೆ ತಲೆಯಿಲ್ಲ, ಅದು ನೀರೊಳಗೆ ಮೀನು ಹುಡುಕುತ್ತಿದೆಯಂತೆ. ಬಿಂದಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಎಡವಟ್ಟಾಯಿತು. ಕಪ್ಪೆಂದು ಬಿಡಿಸಿ ಹೇಳದ ಕಾರಣ ಮೂವರು ತಾಯಂದಿರು ಕಡುಗೆಂಪು ಬಿಂದಿಯ ಪಟ್ಟಿ ಕಳುಹಿಸಿದ್ದರು, ಹಾಗಾಗಿ ಅರ್ಧದಷ್ಟು ಕರಡಿಗಳು ನಿದ್ದೆಗೆಟ್ಟವರಂತೆ ಕೆಂಗಣ್ಣು ಬಿಟ್ಟುಕೊಂಡಿವೆ.

ಪೆಂಗ್ವಿನಿನ ಮೊಟ್ಟೆಯಾಟ ಎಲ್ಲಕ್ಕಿಂತ ಹೆಚ್ಚು ಹೊತ್ತು ನಡೆಯಿತು. ಸದ್ದಿಲ್ಲದ ಆಟ ಎಂದದ್ದು ಪೂರ್ತಿ ನಿಜವಲ್ಲ, ಮೊಟ್ಟೆ ಬಿದ್ದಾಗಲೆಲ್ಲ ಕಿರುಚಾಟವಿತ್ತು, ಪಕ್ಕದ ಕೋಣೆಯಿಂದ ಒಂದು ಸಲ ಎಚ್ಚರಿಕೆಯೂ ಬಂತು. ನರಿಯ ಮಡಿಕೆ ಆರು ಮಕ್ಕಳಿಗೆ ಮಾತ್ರ ಸಾಧ್ಯವಾಯಿತು. ಉಳಿದವರ ಮಡಿಕೆಗಳು ಎಲ್ಲೆಲ್ಲೋ ಹೋಗಿ ಎರಡು ಬಾವಲಿ, ಒಂದು ದೋಣಿ ಹುಟ್ಟಿದವು. ಎರಡು ಕಾಗದ ಅಂಟಿಸಿದ್ದು ಪುಟ್ಟ ಬೆರಳಿಗೆ ದಪ್ಪವಾಗುತ್ತದೆ. ಮುಂದಿನ ಸಲ ಒಂದು ಬದಿಗೆ ತೆಳುವಾಗಿ ಬಣ್ಣ ಬಳಿದ ಕಾಗದವನ್ನೇ ಬಳಸುತ್ತೇನೆ. ಬೆಂಡೆಕಾಯಿ ಅಚ್ಚಿನ ದಿನ ಒಬ್ಬನೂ ಎದ್ದು ಹೋಗಲಿಲ್ಲ. ಸಿಪಿಲೆ ಮೇಷ್ಟ್ರು ಹೇಳಿದಂತೆ ಒಂದೇ ಆಯಿತು, ಬಾಗಿಲಿನ ಬಳಿ ಇದೆ, ಬರುವವರೂ ಹೋಗುವವರೂ ಬಾಲ ಅಲ್ಲಾಡಿಸಿ ಕಡ್ಡಿ ಈಗಾಗಲೇ ಮುರಿದಿದೆ. ಗೂಬೆಯನ್ನು ಕೈಬಿಟ್ಟೆ.

ಕರಡಿಗಳನ್ನು ರಜೆಯಲ್ಲಿ ಮನೆಗೆ ಕೊಟ್ಟಿದ್ದೆ, ಹಿಮಚಿರತೆಗಳೂ ಪೆಂಗ್ವಿನುಗಳೂ ಕೋಣೆಯಲ್ಲೇ ಉಳಿದಿದ್ದವು. ಹತ್ತು ದಿನ ಕಳೆದು ಬಾಗಿಲು ತೆರೆದಾಗ ಜಿರಳೆಗಳು ಮೈದಾ ಅಂಟಿನ ರುಚಿಗೆ ಏಳು ಪೆಂಗ್ವಿನುಗಳ ಬೆನ್ನನ್ನು ತಿಂದುಹಾಕಿದ್ದವು. ನಾನು ಅವನ್ನು ಮರೆಮಾಡುವ ಮೊದಲೇ ಮಕ್ಕಳು ಒಳನುಗ್ಗಿದರು. ಕಳೆದ ವರ್ಷ ಕೇಳಿದ್ದ ಹುಡುಗನ ತಂಗಿ ಈ ವರ್ಷ ನಮ್ಮಲ್ಲಿದ್ದಾಳೆ. ಅವಳು ನೇರವಾಗಿ ಮೇಜಿನ ಬಳಿಗೆ ಹೋಗಿ, ಬೆನ್ನಿಲ್ಲದ ಒಂದು ಪೆಂಗ್ವಿನನ್ನು ಎತ್ತಿಕೊಂಡು, "ನನ್ನದನ್ನು ಹಿಮಚಿರತೆ ತಿಂದಿತು, ಆದರೆ ಮೊಟ್ಟೆ ಇದೆ" ಎಂದಳು. ಗೋಡೆಯ ಚಿರತೆಗಳನ್ನು ಪೆಂಗ್ವಿನಿನ ಮೇಜಿನಿಂದ ದೂರ ಅಂಟಿಸಬೇಕಿತ್ತೆಂದು ಉಳಿದವರೆಲ್ಲ ನನ್ನನ್ನು ಆಕ್ಷೇಪಿಸಿದರು. ಮುಂದಿನ ಸಲ ಜಿರಳೆ ಮುಟ್ಟದ, ಮಕ್ಕಳಿಗೂ ಹಾನಿಯಿಲ್ಲದ ಅಂಟು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.